'ಬೇವರ್ಸಿ': ಒಂದು ಬೈಗುಳಿನ ಅರ್ಥವಿಚಾರ

1

ಗಾದೆ, ಒಗಟು, ಲಾವಣಿ, ಸೋಬಾನೆಗಳಿಗೆ ನಮ್ಮ ವಿದ್ವತ್ಪ್ರಪಂಚದಲ್ಲಿ ದೊರೆತಿರುವ ಮನ್ನಣೆ ಬೈಗುಳಿಗೆ ಅಷ್ಟಾಗಿ ದೊರೆತಿಲ್ಲ. ಬೈಗುಳು ಗ್ರಾಮ್ಯವೆಂದೂ ಅವಾಚ್ಯವೆಂದೂ ಬಗೆದು ಅದನ್ನು ಬದಿಗಿರಿಸುವುದು ಸಭ್ಯತೆಗೆ ಒಪ್ಪುವುದಾದರೂ ಶಾಸ್ತ್ರಕ್ಕೆ ಒಪ್ಪುವುದಲ್ಲ. ಒಂದು ಜನಾಂಗವು ಯಾವುದನ್ನು ಗೌರವಿಸುತ್ತದೆ ಎಂಬುದನ್ನು ಅದರ ಸ್ತುತಿಗಳಿಂದ ತಿಳಿಯುವಂತೆಯೇ, ಯಾವುದಕ್ಕೆ ಅಂಜುತ್ತದೆ ಎಂಬುದನ್ನು ಅದರ ಬೈಗುಳುಗಳಿಂದ ತಿಳಿಯಬೇಕಾಗುತ್ತದೆ. ಈ ದೃಷ್ಟಿಯಿಂದ, ಕನ್ನಡನಾಡಿನ ಉದ್ದಗಲಕ್ಕೂ ಬಳಕೆಯಲ್ಲಿರುವ 'ಬೇವರ್ಸಿ' ಎಂಬ ಒಂದೇ ಮಾತನ್ನು ತೆಗೆದುಕೊಂಡು, ಅದರ ಮೂಲ, ಅರ್ಥ ಮತ್ತು ಪ್ರಯೋಗಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮಾತು ನಾಡಿನದಾದರೂ ವಿವೇಚನೆಗೆ ಒಂದು ಸೀಮೆಯನ್ನು ಗೊತ್ತುಮಾಡಿಕೊಳ್ಳಲಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಸೀಮೆ ಅದು. 1800ರಲ್ಲಿ ಹೈದರಾಬಾದಿನ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಪ್ರಾಂತಗಳಲ್ಲಿ ಈ ಸೀಮೆಯೂ ಒಂದು. 1953ರಲ್ಲಿ ಮೈಸೂರು ರಾಜ್ಯವನ್ನು ಸೇರುವವರೆಗೆ ಅದು ಮದರಾಸಿನ ಆಡಳಿತದಲ್ಲಿದ್ದಿತು. ಹರಪನಹಳ್ಳಿಯು 1997ರಿಂದ ಕೆಲವು ಕಾಲ ದಾವಣಗೆರೆ ಜಿಲ್ಲೆಗೆ ಸೇರಿದ್ದುದುಂಟು. ಇಂದು ಈ ಐದೂ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿವೆ. ಈ ಸೀಮೆಯನ್ನು ಆರಿಸಿಕೊಳ್ಳಲು ಎರಡು ಕಾರಣಗಳುಂಟು. ಮೊದಲನೆಯದು, ಪಾರಸಿ, ಮರಾಠಿ, ತೆಲುಗು, ಇಂಗ್ಲಿಷುಗಳ ಆಡಳಿತ ಪರಿಭಾಷೆ ಒಂದರ ಮೇಲೊಂದು ಪದರವಾಗಿ ಇಲ್ಲಿ ಕುಳಿತಿರುವುದು. ಎರಡನೆಯದು ಇದಕ್ಕಿಂತ ಮುಖ್ಯವಾದುದು: 'ವಾರಸು' ಎಂಬ ಪ್ರಶ್ನೆಗೆ ಈ ಸೀಮೆಯ ಜನ ತಮ್ಮದೇ ಆದ ಒಂದು ಉತ್ತರವನ್ನು ಕಂಡುಕೊಂಡಿದ್ದರು, ಆ ಉತ್ತರವೂ ಕಾಲಕ್ರಮದಲ್ಲಿ ಬೈಗುಳಾಯಿತು. ಅದನ್ನು ಮುಂದೆ ವಿವರಿಸಲಾಗುವುದು.

2

ಮೊದಲು ಶಬ್ದದ ಮೂಲ. 'ಬೇ' ಎಂಬುದು 'ಇಲ್ಲದ' ಎಂಬರ್ಥದ ಪಾರಸಿ ಉಪಸರ್ಗ. 'ವಾರಿಸ್' ಎಂಬುದು 'ಉತ್ತರಾಧಿಕಾರಿ' ಎಂಬರ್ಥದ ಅರಬ್ಬೀ ಶಬ್ದ. ಎರಡೂ ಕೂಡಿ 'ಬೇವಾರಿಸ್' ಎಂದರೆ 'ಹಕ್ಕುದಾರರಿಲ್ಲದ' ಎಂದರ್ಥ. ಕನ್ನಡದ ವಾರಸು, ವಾರಸುದಾರ ಎಂಬ ಮಾತುಗಳು ಇದೇ ಶಬ್ದದಿಂದ ಬಂದವು. ಮದರಾಸು ಪ್ರಾಂತದ ಕಂದಾಯ ದಾಖಲೆಗಳಲ್ಲಿ ಗೌರವದ ಸ್ಥಾನ ಪಡೆದಿದ್ದ 'ಮಿರಾಸಿ', 'ಮಿರಾಸುದಾರ' ಎಂಬ ಮಾತುಗಳಿಗೂ ಅರಬ್ಬಿಯಲ್ಲಿ ಅದೇ ಧಾತುವೇ ಮೂಲ. ಹೀಗೆ ಊರಿನ ದೊಡ್ಡ ಹಿಡುವಳಿದಾರನ ಬಿರುದೂ ಬೀದಿಯ ಬೈಗುಳೂ ಒಂದೇ ಧಾತುವಿನಿಂದ ಹುಟ್ಟಿ ಬೇರೆ ಬೇರೆ ದಿಕ್ಕಿಗೆ ಹೋದವು.

'ಬೇ' ಉಪಸರ್ಗವುಳ್ಳ ಅನ್ಯದೇಶ್ಯಗಳು ಕನ್ನಡದಲ್ಲಿ ಹಲವಾರು ಇವೆ: ಬೇನಾಮಿ, ಬೇಜಾರು, ಬೇಜವಾಬ್ದಾರಿ, ಬೇಕೂಫ ಮೊದಲಾದುವು. ಉತ್ತರ ಭಾರತದಲ್ಲಿ ಇದೇ ಅರ್ಥಕ್ಕೆ 'ಲಾವಾರಿಸ್' ಎಂಬ ರೂಪವು ಹೆಚ್ಚು ಬಳಕೆಯಲ್ಲಿದೆ. ಅಲ್ಲಿ ಉಪಸರ್ಗವೂ ಅರಬ್ಬಿಯದೇ. ದಖ್ಖನಿನ ಭಾಷೆಗಳು 'ಬೇ' ಉಪಸರ್ಗದ ರೂಪವನ್ನು ಹಿಡಿದವು. ಮರಾಠಿಯಲ್ಲಿ 'ಬೇವಾರಸ', 'ಬೇವಾರಶಿ' ಎಂಬ ರೂಪಗಳೂ, ತೆಲುಗಿನಲ್ಲಿ 'ಬೇವಾರ್ಸು' ಎಂಬ ರೂಪವೂ ಇವೆ. ಮರಾಠಿಯಲ್ಲಿ ಮಾತು ಇಂದಿಗೂ ಬಹುಮಟ್ಟಿಗೆ ವಸ್ತುವಾಚಕವಾಗಿದೆ. ವಾರಸುದಾರರಿಲ್ಲದ ಗಂಟು, ವಾರಸುದಾರರಿಲ್ಲದ ಶವ ಎಂಬಲ್ಲಿ ಅದರ ಬಳಕೆ. ತೆಲುಗಿನಲ್ಲಿ ಅದು ಕನ್ನಡದಂತೆಯೇ ಬೈಗುಳು. ಬಿಜಾಪುರದ ಆದಿಲಶಾಹಿ ಆಳ್ವಿಕೆಯಲ್ಲಿ ಕಂದಾಯದ ಲೆಕ್ಕಪತ್ರಗಳು ಪಾರಸಿಯ ಜೊತೆಗೆ ಮರಾಠಿಯಲ್ಲಿಯೂ ನಡೆದುವು. ಕ್ರಿ. ಶ. 1565ರ ಅನಂತರ ಆ ಆಳ್ವಿಕೆ ತುಂಗಭದ್ರೆಯ ದಕ್ಷಿಣಕ್ಕೂ ಹರಡಿತು. ಆದುದರಿಂದ ಶಬ್ದವು ಪಾರಸಿಯಿಂದ ನೇರವಾಗಿ ಬರದೆ ಮರಾಠಿಯ ಲೆಕ್ಕಪತ್ರಗಳ ಮೂಲಕ ಕನ್ನಡಕ್ಕೆ ಇಳಿದಿರಬೇಕೆಂದು ಊಹಿಸುವುದು ಯುಕ್ತ. ಮೂಲದ 'ವಾರಿಸ್' ಎಂಬಲ್ಲಿಯ ಇಕಾರವು ಕನ್ನಡದ 'ವಾರಸು' ಎಂಬಲ್ಲಿ ಅಕಾರವಾಗಿರುವುದೂ, ಕೊನೆಯ ಇಕಾರವೂ ಈ ಊಹೆಗೆ ಪೋಷಕವಾಗಿವೆ.

ಧ್ವನಿವ್ಯತ್ಯಾಸದ ಕ್ರಮ ಸರಳವಾದುದು. 'ಬೇವಾರಸಿ' ಎಂಬಲ್ಲಿಯ ನಡುವಣ ಸ್ವರವು ಆಡುಮಾತಿನಲ್ಲಿ ಲೋಪವಾಗಿ 'ಬೇವಾರ್ಸಿ' ಎಂದಾಯಿತು. 'ಬರೆಸಿ' ಎಂಬುದು 'ಬರ್ಸಿ' ಎಂದೂ, 'ಮಾಡಿಸಿ' ಎಂಬುದು 'ಮಾಡ್ಸಿ' ಎಂದೂ ಆಗುವ ಕ್ರಮವೇ ಇದು. ಬಳಿಕ ಒತ್ತಕ್ಷರದ ಹಿಂದಿನ ದೀರ್ಘವು ಹ್ರಸ್ವವಾಗಿ 'ಬೇವರ್ಸಿ' ಎಂದು ನಿಂತಿತು. ಸ್ವರಲೋಪಕ್ಕೆ 'ಮಾಲಿಕ್' ಶಬ್ದದಿಂದ ಬಂದ 'ಮಾಲ್ಕಿ' ಎಂಬ ಕಂದಾಯದ ಮಾತನ್ನೂ ಹೋಲಿಸಬಹುದು. ಹೊರನೋಟಕ್ಕೆ 'ಬೆವರು' ಎಂಬ ದೇಶ್ಯಶಬ್ದದೊಡನೆ ಇದಕ್ಕೆ ನಂಟಿರುವಂತೆ ತೋರಬಹುದು. ಆದರೆ ಮೊದಲ ಸ್ವರದ ದೀರ್ಘವೂ ಅರ್ಥವೂ ಆ ಸಂಬಂಧವನ್ನು ನಿರಾಕರಿಸುತ್ತವೆ.

3

ಶಬ್ದವು ಹುಟ್ಟಿದುದು ಜಗಳದಲ್ಲಲ್ಲ, ದಫ್ತರದಲ್ಲಿ. ಮನುಷ್ಯನು ಮಕ್ಕಳಿಲ್ಲದೆ ಸತ್ತರೆ ಅವನ ಸೊತ್ತು ಯಾರಿಗೆ ಸೇರಬೇಕೆಂಬುದು ಎಲ್ಲ ರಾಜ್ಯಗಳನ್ನೂ ಕಾಡಿದ ಪ್ರಶ್ನೆ. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ಹಡಗು ಒಡೆದು ಸತ್ತ ಧನಮಿತ್ರನೆಂಬ ವರ್ತಕನ ಪ್ರಸಂಗ ಬರುತ್ತದೆ. ಅವನಿಗೆ ಸಂತಾನವಿಲ್ಲದ್ದರಿಂದ ಅವನ ಧನವೆಲ್ಲ ಅರಸನಿಗೆ ಸೇರತಕ್ಕದ್ದೆಂದು ಅಮಾತ್ಯನು ಬರೆದು ಕಳುಹುತ್ತಾನೆ. ವರ್ತಕನ ಹೆಂಡಿರಲ್ಲಿ ಯಾರಾದರೂ ಗರ್ಭಿಣಿಯಿದ್ದಾಳೆಯೇ ಎಂದು ದುಷ್ಯಂತನು ವಿಚಾರಿಸುತ್ತಾನೆ. ಆ ವಿಚಾರಣೆಯಲ್ಲಿ ತನ್ನ ಅಪುತ್ರತೆಯೇ ಅವನ ಕಣ್ಣೆದುರಿಗೆ ಬರುತ್ತದೆ. ಕನ್ನಡ ಶಾಸನಗಳಲ್ಲಿಯೂ 'ಅಪುತ್ರಿಕ'ವೆಂಬ ಹೆಸರಿನಲ್ಲಿ ಈ ವಿಷಯ ಬರುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು, ವಿಭಾಗವಾಗಿ ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿಯಲ್ಲಿ ಅವನ ಪತ್ನಿಗೆ ಹಕ್ಕುಂಟೆಂದು ವಾದಿಸಿದನು. ವಾರಸಿಲ್ಲದ ಆಸ್ತಿಗೆ ಮುಸಲ್ಮಾನ ರಾಜ್ಯಗಳಲ್ಲಿ 'ಬೈತುಲ್‌ಮಾಲ್' ಎಂಬ ಖಜಾನೆಯಿದ್ದಿತು. ಇಂಗ್ಲಿಷರ ಕಾಲದಲ್ಲಿ ವಾರಸಿಲ್ಲವೆಂಬ ನೆಪವು ರಾಜ್ಯಗಳನ್ನೇ ನುಂಗಿತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಒಪ್ಪದೆ ಥ್ಯಾಕರೆ ಕೋಟೆಯ ಮುಂದೆ ನಿಂತುದೂ, ಬಳಿಕ 1848ರಲ್ಲಿ ಸಾತಾರಾ, 1854ರಲ್ಲಿ ಝಾನ್ಸಿ ಇಂಗ್ಲಿಷರ ವಶವಾದುದೂ ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿಗಳೇ. ಇಂದಿನ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 29ನೆಯ ಪ್ರಕರಣದಲ್ಲಿಯೂ ವಾರಸುದಾರರೇ ಇಲ್ಲದವರ ಆಸ್ತಿ ಸರಕಾರಕ್ಕೆ ಸೇರತಕ್ಕದ್ದೆಂಬ ವಿಧಿಯಿದೆ.

ನಮ್ಮ ಸೀಮೆಗೆ ಬಂದರೆ, 1800ರಿಂದ 1807ರವರೆಗೆ ಇಲ್ಲಿ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋವಿನ ಕಾಲದಲ್ಲಿ ಹೊಲಹೊಲವನ್ನೂ ಅಳೆಯಿಸಿ ರೈತರ ಹೆಸರಿನಲ್ಲಿ ಲೆಕ್ಕವಿಡುವ ರೈತವಾರಿ ಪದ್ಧತಿ ಬೇರೂರಿತು. ಪ್ರತಿಯೊಂದು ಹೊಲಕ್ಕೂ ಒಂದು ಹೆಸರು ಬೇಕೆಂದಾಗ, ಹೆಸರಿಲ್ಲದ ಹೊಲ, ಹಕ್ಕುದಾರರಿಲ್ಲದ ಮನೆ ಎಂಬವು ಕರಣಿಕನ ಲೆಕ್ಕದಲ್ಲಿ ಕಣ್ಣಿಗೆ ಹೊಡೆಯುವ ಸಂಗತಿಗಳಾದುವು. 1876-78ರ ದೊಡ್ಡ ಬರದಲ್ಲಿ ಮದರಾಸು ಪ್ರಾಂತದಲ್ಲಿಯೇ ಬಳ್ಳಾರಿ ಜಿಲ್ಲೆ ಅತ್ಯಂತ ಹೆಚ್ಚಾಗಿ ನೊಂದ ಜಿಲ್ಲೆಗಳಲ್ಲಿ ಒಂದು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಅದರ ಜನಸಂಖ್ಯೆ ಬಹಳವಾಗಿ ಕುಗ್ಗಿತು. ಇಡೀ ಮನೆತನಗಳೇ ಅಳಿದುಹೋಗುವ ಅಂಥ ಕಾಲದಲ್ಲಿ 'ಬೇವಾರಸು' ಎಂಬ ದಫ್ತರದ ಮಾತು ಊರಿನ ಕಿವಿಗೂ ಬೀಳುವುದು ಸಹಜ. ಜನ ಬಿಟ್ಟುಹೋದ ಹಳ್ಳಿಯನ್ನು ಕಂದಾಯ ಇಲಾಖೆ ಇಂದಿಗೂ 'ಬೇಚಿರಾಗ್' ಎಂದು ಕರೆಯುತ್ತದೆ. ದೀಪವಿಲ್ಲದ್ದು ಎಂದು ಅದರ ಅಕ್ಷರಾರ್ಥ. ನಮ್ಮ ಹೆಂಗಸರು ಸಿಟ್ಟಿನಲ್ಲಿ ಹಾಕುವ 'ನಿನ್ನ ಮನಿಗೆ ದೀಪ ಹಚ್ಚೋರು ಇಲ್ಲದಂಗಾಗಲಿ' ಎಂಬ ಶಾಪಕ್ಕೂ ಈ ಸರಕಾರಿ ಮಾತಿಗೂ ಚಿತ್ರ ಒಂದೇ.

ಇಲ್ಲಿ ಶಾಪಕ್ಕೂ ಬೈಗುಳಿಗೂ ಇರುವ ಭೇದವನ್ನು ಗಮನಿಸಬೇಕು. ಶಾಪವು ಮುಂದಾಗಬೇಕಾದ ಕೇಡನ್ನು ಬಯಸುತ್ತದೆ. ಬೈಗುಳು ಆ ಕೇಡು ಎದುರಿನವನಲ್ಲಿ ಈಗಾಗಲೇ ಇದೆಯೆಂದು ಸಾರುತ್ತದೆ. 'ನಿನ್ನ ವಂಶ ನಿರ್ವಂಶವಾಗಲಿ' ಎಂಬುದು ಶಾಪ; 'ಬೇವರ್ಸಿ' ಎಂಬುದು ಬೈಗುಳು.

4

ಇನ್ನು ಅರ್ಥದ ಪ್ರಶ್ನೆ. 'ಬೇವರ್ಸಿ' ಎಂದರೆ ಏನು ಎಂದು ಕೇಳಿದರೆ ಎರಡು ಬಗೆಯ ವಿವರಣೆಗಳು ದೊರೆಯುತ್ತವೆ. 'ಮಕ್ಕಳಿಲ್ಲದವನು' ಎಂಬುದು ಒಂದು. 'ತಂದೆ ಯಾರೆಂದು ತಿಳಿಯದವನು' ಎಂಬುದು ಮತ್ತೊಂದು. ಮೊದಲನೆಯದು ಶಬ್ದದ ವ್ಯುತ್ಪತ್ತಿಯನ್ನು ನಂಬಿದ್ದು; ಎರಡನೆಯದು ಇತರ ಬೈಗುಳುಗಳ ಸಾಮ್ಯವನ್ನು ನಂಬಿದ್ದು. ಪ್ರಯೋಗವನ್ನು ನೋಡಿದರೆ ಎರಡೂ ನಿಲ್ಲುವುದಿಲ್ಲ.

ಮಕ್ಕಳಿಲ್ಲದವನೆಂಬ ಅರ್ಥವೇ ಆಗಿದ್ದರೆ, ಈ ಮಾತು ಮದುವೆಯಾಗಿ ವಯಸ್ಸಾದವರ ಮೇಲೆ ಹೆಚ್ಚಾಗಿ ಬೀಳಬೇಕಾಗಿತ್ತು. ಆದರೆ ಅದು ಬೀಳುವುದು ಹೆಚ್ಚಾಗಿ ಮದುವೆಯಾಗದ ಹುಡುಗರ ಮೇಲೆ, ಮನೆಗೆಲಸ ಬಿಟ್ಟು ತಿರುಗುವ ತರುಣರ ಮೇಲೆ. ಸಂತಾನವಿಲ್ಲದವರನ್ನು ನೋಯಿಸಲು ಕನ್ನಡದಲ್ಲಿ 'ಬಂಜೆ' ಮೊದಲಾದ ಬೇರೆ ಮಾತುಗಳಿವೆ. ಅವು ಹೆಚ್ಚಾಗಿ ಹೆಂಗಸರನ್ನೇ ಗುರಿಮಾಡಿಕೊಳ್ಳುವುದು ಬೇರೆ ಮಾತು. ಎರಡನೆಯ ವಿವರಣೆಯನ್ನು ನೋಡಿದರೆ, ಹುಟ್ಟನ್ನು ಹಳಿಯುವ ಬೈಗುಳುಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಅವೆಲ್ಲವೂ ತಾಯಿಯ ಶೀಲವನ್ನು ಹಿಡಿದೇ ಹೊರಡುತ್ತವೆ. 'ಬೋಳಿಮಗ', 'ಮುಂಡೇಮಗ' ಎಂಬುವು ವಿಧವೆಯಾದ ತಾಯಿಯನ್ನು ಎಳೆದು ತರುತ್ತವೆ. 'ಬೇವರ್ಸಿ' ಎಂಬಲ್ಲಿ ತಾಯಿಯ ಸುದ್ದಿಯೇ ಇಲ್ಲ. ತಾಯಿತಂದೆಗಳು ಕಣ್ಣೆದುರಿಗೇ ಇರುವ ಹುಡುಗನನ್ನು, ಎಷ್ಟೋ ವೇಳೆ ಆ ತಂದೆಯೇ, 'ಬೇವರ್ಸಿ' ಎಂದು ಬೈಯುತ್ತಾನೆ. ತನ್ನ ಹುಟ್ಟನ್ನು ಹಳಿದುಕೊಳ್ಳುವುದು ಅವನ ಉದ್ದೇಶವಾಗಿರಲಾರದಷ್ಟೆ.

ಹಾಗಾದರೆ ಅರ್ಥವೇನು? ಮೂಲದಲ್ಲಿ 'ಬೇವಾರಸು' ಎಂಬುದು ಮನುಷ್ಯನ ವಿಶೇಷಣವಲ್ಲ, ಸೊತ್ತಿನ ವಿಶೇಷಣ ಎಂಬುದನ್ನು ನೆನೆದರೆ ಉತ್ತರ ಹೊಳೆಯುತ್ತದೆ. ಬೇವಾರಸು ಹೊಲ, ಬೇವಾರಸು ದನ, ಬೇವಾರಸು ಹೆಣ: ಇವುಗಳಲ್ಲಿ ಸಮಾನವಾಗಿರುವುದು 'ಇದು ನನ್ನದು' ಎಂದು ಹೇಳಿಕೊಂಡು ಬರುವವರಿಲ್ಲದಿರುವಿಕೆ. ಮನುಷ್ಯನನ್ನು 'ಬೇವರ್ಸಿ' ಎಂದಾಗ ಅವನಿಗೆ ಉತ್ತರಾಧಿಕಾರಿಯಿಲ್ಲವೆಂದು ಹೇಳಿದಂತಾಗುವುದಿಲ್ಲ; ಅವನೇ ಹಕ್ಕುದಾರರಿಲ್ಲದ ಒಂದು ಸೊತ್ತೆಂದು ಹೇಳಿದಂತಾಗುತ್ತದೆ. ಅವನು ಹಾಳಾದರೆ ನಷ್ಟಪಡುವವರಿಲ್ಲ, ತಪ್ಪುಮಾಡಿದರೆ ಜವಾಬು ಕೊಡುವವರಿಲ್ಲ, ಸತ್ತರೆ ಹೊತ್ತುಕೊಂಡು ಹೋಗುವವರಿಲ್ಲ. ಇದೇ ಭಾವವನ್ನು ಹೇಳುವ ದೇಶೀಯ ನುಡಿಗಟ್ಟೊಂದು ಈ ಸೀಮೆಯ ಜಗಳಗಳಲ್ಲಿ 'ಬೇವರ್ಸಿ'ಯ ಬೆನ್ನಿಗೇ ಬರುವುದುಂಟು: 'ಹೇಳೋರು ಕೇಳೋರು ಯಾರೂ ಇಲ್ಲೇನಲೇ ನಿನಗ?' ಹೇಳುವವರೂ ಕೇಳುವವರೂ ಇಲ್ಲದವನೆಂಬುದೇ 'ಬೇವರ್ಸಿ'ಗೆ ಕನ್ನಡವು ತಾನಾಗಿ ಕೊಟ್ಟ ಟೀಕೆ.

ಇದೇ ಸ್ಥಿತಿಗೆ ಕನ್ನಡದಲ್ಲಿ ಬೇರೆ ಶಬ್ದಗಳಿಲ್ಲದಿಲ್ಲ. 'ತಬ್ಬಲಿ' ಎಂದರೆ ಕರುಳು ಚುರುಕ್ಕೆನ್ನುತ್ತದೆ. 'ಪರದೇಶಿ' ಎಂಬುದು ಉತ್ತರದ ಜಿಲ್ಲೆಗಳಲ್ಲಿ ಹೊರನಾಡಿನವನೆಂಬ ಅರ್ಥವನ್ನು ಬಿಟ್ಟು ದಿಕ್ಕಿಲ್ಲದವನೆಂಬ ಅರ್ಥಕ್ಕೆ ಬಂದು ನಿಂತಿದೆ. ಅದರಲ್ಲಿ ಅರ್ಧ ಕನಿಕರ, ಅರ್ಧ ತಾತ್ಸಾರ. 'ಬೇವರ್ಸಿ' ಎಂಬುದರಲ್ಲಿ ಕನಿಕರವೇ ಇಲ್ಲ. ಮೂರು ಶಬ್ದಗಳೂ ತನ್ನವರಿಲ್ಲದ ಒಬ್ಬನನ್ನೇ ತೋರಿಸುತ್ತಿದ್ದರೂ ನೋಡುವ ಕಣ್ಣು ಬೇರೆ. 'ತಬ್ಬಲಿ' ಎನ್ನುವಾಗ ನಾವು ತಾಯಿಯನ್ನು ಕಳೆದುಕೊಂಡ ಮಗುವಿನ ಕಡೆಗೆ ನಿಂತು ನೋಡುತ್ತೇವೆ. 'ಬೇವರ್ಸಿ' ಎನ್ನುವಾಗ ಲೆಕ್ಕದ ಪುಸ್ತಕ ಹಿಡಿದವನ ಕಡೆಗೆ ನಿಂತು ನೋಡುತ್ತೇವೆ. ದಫ್ತರದ ದೃಷ್ಟಿ ಬೀದಿಯ ಮಾತಿನೊಳಕ್ಕೆ ಇಳಿದು, ಮನುಷ್ಯನನ್ನು ಸೊತ್ತಿನ ಪಟ್ಟಿಗೆ ಸೇರಿಸಿತು. ಈ ಶಬ್ದದ ಅರ್ಥಾಪಕರ್ಷದ ತಿರುಳು ಇದೇ ಎಂದು ನನ್ನ ಅಭಿಪ್ರಾಯ.

'ಬೇನಾಮಿ' ಎಂಬ ಸೋದರಶಬ್ದವು ಬೈಗುಳಾಗಲಿಲ್ಲವೇಕೆ ಎಂಬುದಕ್ಕೂ ಇದರಿಂದ ಉತ್ತರ ದೊರೆಯುತ್ತದೆ. ಬೇನಾಮಿ ಆಸ್ತಿಗೆ ಹೆಸರು ಮರೆಯಾಗಿದ್ದರೂ ಒಡೆಯನಿದ್ದಾನೆ. ಒಡೆಯನಿರುವುದಕ್ಕೆ ಲೋಕ ಅಂಜುತ್ತದೆ.

5

ಈಗ, ಮೇಲೆ ಸೂಚಿಸಿದ ಎರಡನೆಯ ಕಾರಣಕ್ಕೆ ಬರಬಹುದು. ವಾರಸಿಲ್ಲದ ಮನೆಯ ಭಯಕ್ಕೆ ದತ್ತಕವು ಶಾಸ್ತ್ರಸಮ್ಮತವಾದ ಉತ್ತರ. ಬಳ್ಳಾರಿ ಸೀಮೆಯ ಬೇಡರು ಮತ್ತು ಇತರ ಕೆಲವು ಜಾತಿಗಳಲ್ಲಿ ಬೇರೊಂದು ಉತ್ತರವಿದ್ದಿತು. ಗಂಡುಮಕ್ಕಳಿಲ್ಲದ ತಂದೆತಾಯಿಗಳು ಒಬ್ಬ ಮಗಳನ್ನು ದೇವರಿಗೆ ಬಿಟ್ಟು ಬಸವಿಯನ್ನಾಗಿ ಮಾಡುತ್ತಿದ್ದರು. ಅವಳು ಯಾರನ್ನೂ ಮದುವೆಯಾಗದೆ ತಂದೆಯ ಮನೆಯಲ್ಲಿಯೇ ಉಳಿದು, ಮಗನಂತೆ ಆಸ್ತಿಗೆ ಹಕ್ಕುದಾರಳಾಗಿ, ತಂದೆತಾಯಿಗಳ ಉತ್ತರಕ್ರಿಯೆ ಮಾಡುತ್ತಿದ್ದಳು. ಅವಳ ಮಕ್ಕಳು ಅವಳ ತಂದೆಯ ಮನೆತನಕ್ಕೆ ಸೇರಿದವರಾಗುತ್ತಿದ್ದರು. ಮದರಾಸಿನ ಪೊಲೀಸ್ ಅಧಿಕಾರಿಯಾಗಿದ್ದ ಫಾಸೆಟ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಪದ್ಧತಿಯನ್ನು ಕುರಿತು ಬರೆದ ಲೇಖನದಲ್ಲಿ, ಬಸವಿಯರು ದೇವರಿಗೆ ಸಮರ್ಪಿತರಾಗುವ ಮೂಲಕ ಗಂಡಸಿನ ಹಕ್ಕುಗಳನ್ನು ಪಡೆಯುತ್ತಾರೆಂಬುದನ್ನೇ ಮುಖ್ಯವಾಗಿ ಎತ್ತಿಹಿಡಿದನು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಜಾತಿಬುಡಕಟ್ಟುಗಳ ಸಂಪುಟಗಳಲ್ಲಿಯೂ ಈ ವಿವರಗಳು ಬಂದಿವೆ. ಪ್ರಾಚೀನ ಧರ್ಮಶಾಸ್ತ್ರಗಳಲ್ಲಿ ಹೇಳಿರುವ 'ಪುತ್ರಿಕಾ' ಎಂಬ ವಿಧಿಯನ್ನು, ಎಂದರೆ ಗಂಡುಸಂತಾನವಿಲ್ಲದವನು ಮಗಳನ್ನೇ ಮಗನ ಸ್ಥಾನದಲ್ಲಿ ನಿಲ್ಲಿಸುವುದನ್ನು, ಇದರೊಡನೆ ಹೋಲಿಸಬಹುದು.

ಆದುದರಿಂದ ಬಸವಿಯೆಂದರೆ ಮನೆಯನ್ನು 'ಬೇವಾರಸು' ಆಗದಂತೆ ಉಳಿಸಿದ ಹೆಣ್ಣು. ಆದರೆ ಇದೇ ಸೀಮೆಯ ಮಾತಿನಲ್ಲಿ 'ಬಸವಿ' ಎಂಬುದೂ ಹೆಂಗಸರನ್ನು ಹಳಿಯುವ ಬೈಗುಳಾಗಿ ಇಳಿಯಿತು. ವಾರಸಿಲ್ಲದ ಗಂಡು 'ಬೇವರ್ಸಿ'. ವಾರಸುದಾರಳಾದ ಹೆಣ್ಣು 'ಬಸವಿ'. ಎರಡು ಬೈಗುಳುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಹಕ್ಕಿಲ್ಲದಿರುವಿಕೆಯಷ್ಟೇ ತೀಕ್ಷ್ಣವಾಗಿ, ಹೆಣ್ಣು ಹಕ್ಕು ಪಡೆಯುವುದನ್ನೂ ಸಮಾಜವು ದಂಡಿಸಿತೆಂಬುದು ತಿಳಿಯುತ್ತದೆ. ಹಾಗೆಂದು ಈ ಪದ್ಧತಿಯನ್ನು ಹೊಗಳಲು ಎಡೆಯಿಲ್ಲ. ಮನೆಯ ವಾರಸನ್ನು ಉಳಿಸುವ ಹೊರೆಯನ್ನು ಒಬ್ಬ ಹುಡುಗಿಯ ಬಾಳಿನ ಮೇಲೆ, ಅವಳ ಒಪ್ಪಿಗೆಯನ್ನು ಕೇಳದೆ ಹೊರಿಸಲಾಗುತ್ತಿತ್ತು. ಅದರ ನೋವು ದಲಿತ ಮತ್ತು ಹಿಂದುಳಿದ ಮನೆತನಗಳ ಪಾಲಿಗೇ ಬಂದಿತು. ಬಳ್ಳಾರಿ ಜಿಲ್ಲೆ ಮದರಾಸಿನಲ್ಲಿದ್ದಾಗಲೇ 1947ರ ಮದರಾಸು ಕಾಯಿದೆ ಇಂಥ ಸಮರ್ಪಣೆಯನ್ನು ನಿಷೇಧಿಸಿತು. ಕರ್ನಾಟಕದ ವಿಧಾನಮಂಡಲ 1982ರಲ್ಲಿ ಪ್ರತ್ಯೇಕವಾದ ಕಾಯಿದೆ ಮಾಡಿತು.

ಮತ್ತೊಂದು ಕಡೆಯಿಂದಲೂ ಕಾನೂನು ಈ ವಿಷಯವನ್ನು ಮುಟ್ಟಿದೆ. 1994ರಲ್ಲಿ ಕರ್ನಾಟಕವೂ, 2005ರಲ್ಲಿ ಭಾರತ ಸರಕಾರವೂ ಹಿಂದೂ ಉತ್ತರಾಧಿಕಾರ ಕಾಯಿದೆಯನ್ನು ತಿದ್ದಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆಯೇ ಹಕ್ಕು ಕೊಟ್ಟುವು. ಮಗಳನ್ನು ವಾರಸುದಾರಳನ್ನಾಗಿಸಲು ದೇವರ ಹೆಸರು ಬೇಕಾಗಿದ್ದ ಕಾಲ ಕಾನೂನಿನ ಮಟ್ಟಿಗೆ ಮುಗಿಯಿತು. ಬೈಗುಳುಗಳು ಮಾತ್ರ ಉಳಿದಿವೆ.

6

ಇಂಗ್ಲಿಷಿನ ಬೈಗುಳೊಂದನ್ನು ಇಲ್ಲಿ ತುಲನೆಗೆ ತೆಗೆದುಕೊಳ್ಳುವುದು ಪ್ರಯೋಜನಕರ. ಬ್ರಿಟನ್ನಿನ ಆಡುಮಾತಿನಲ್ಲಿ 'ಗಿಟ್' ಎಂಬ ಬೈಗುಳಿದೆ. ಇಂದು ಅದರ ಅರ್ಥ ಅವಿವೇಕಿ, ಹೇಸಿಗೆ ತರುವ ಮನುಷ್ಯ ಎಂದಷ್ಟೇ. ಆದರೆ ಅದರ ಮೂಲ ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ 'ಗೆಟ್' ಎಂಬ ಶಬ್ದ. ಹುಟ್ಟಿಸಿದ್ದು, ಸಂತಾನ ಎಂದು ಅದರ ಮೊದಲ ಅರ್ಥ. ತಾತ್ಸಾರದಲ್ಲಿ ಅದು ಹಾದರಕ್ಕೆ ಹುಟ್ಟಿದ ಮಗುವನ್ನು ಸೂಚಿಸಿತು. ಇಪ್ಪತ್ತನೆಯ ಶತಮಾನದ 'ಗಿಟ್' ಎಂಬ ರೂಪದಲ್ಲಿ ಹುಟ್ಟಿನ ಅರ್ಥವು ಬಹುಮಟ್ಟಿಗೆ ಮರೆತುಹೋಗಿ ತಾತ್ಸಾರ ಮಾತ್ರ ಉಳಿದಿದೆ. 'ಬೇವರ್ಸಿ'ಯೂ ಹಾಗೆಯೇ, ಅದನ್ನು ಆಡುವವರಲ್ಲಿ ಹೆಚ್ಚಿನವರು ವಾರಸಿನ ಸಂಬಂಧವನ್ನು ನೆನೆಯುವುದಿಲ್ಲ.

ಆದರೆ ದಾರಿಗಳು ಬೇರೆ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಹಾದರದ ಮಗುವಿಗೆ 'ಯಾರ ಮಗನೂ ಅಲ್ಲದವನು' ಎಂಬರ್ಥದ ಲ್ಯಾಟಿನ್ ಹೆಸರಿದ್ದಿತು. ಅವನು ತಂದೆಯ ಆಸ್ತಿಗೆ ವಾರಸುದಾರನಾಗುವಂತಿರಲಿಲ್ಲ; ಅವನೇ ಹೆಂಡತಿಮಕ್ಕಳಿಲ್ಲದೆ, ಉಯಿಲು ಬರೆಯದೆ ಸತ್ತರೆ ಅವನ ಸೊತ್ತು ಅರಸೊತ್ತಿಗೆಗೆ ಸೇರುತ್ತಿತ್ತು. 1926 ಮತ್ತು 1969ರ ಕಾಯಿದೆಗಳು ಈ ಸ್ಥಿತಿಯನ್ನು ಹಂತಹಂತವಾಗಿ ಸಡಿಲಿಸಿದುವು. ಅಲ್ಲಿ ಹುಟ್ಟಿನ ಕಳಂಕ ಮೊದಲು, ಆಸ್ತಿಯ ಅನರ್ಹತೆ ಅನಂತರ. ಕನ್ನಡದ ಶಬ್ದದಲ್ಲಿ ಆಸ್ತಿಯ ಸ್ಥಿತಿ ಮೊದಲು, ಮನುಷ್ಯನ ಕಳಂಕ ಅನಂತರ. ಇಂಗ್ಲಿಷು ಮನುಷ್ಯನಿಂದ ಸೊತ್ತಿಗೆ ಹೋಯಿತು. ಕನ್ನಡವು ಸೊತ್ತಿನಿಂದ ಮನುಷ್ಯನಿಗೆ ಬಂದಿತು. 'ಬೇವರ್ಸಿ'ಯನ್ನು ಇಂಗ್ಲಿಷಿನ ಹಾದರದ ಬೈಗುಳಿನಿಂದ ಅನುವಾದಿಸುವವರು ಈ ಭೇದವನ್ನು ಲಕ್ಷಿಸಬೇಕು.

7

ಇನ್ನು ಸಾಹಿತ್ಯ ಮತ್ತು ಸಂಭಾಷಣೆಯಲ್ಲಿ ಬೈಗುಳಿನ ಪ್ರಯೋಗ. ಈ ಸೀಮೆಯು ಕನ್ನಡಕ್ಕೆ ಬೈಗುಳಿನ ಇಬ್ಬರು ಮರ್ಮಜ್ಞರನ್ನು ಕೊಟ್ಟಿದೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು ಒಬ್ಬರು; 1953ರಲ್ಲಿ ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರು ಇನ್ನೊಬ್ಬರು. ಬೀಚಿಯವರದು ಬೈಗುಳನ್ನು ತಿರುವಿ ಬೈಯುವವನ ಕಡೆಗೇ ಹಿಡಿಯುವ ರೀತಿ. 'ಸತೀಸೂಳೆ' ಎಂದು ಕಾದಂಬರಿಗೆ ಹೆಸರಿಟ್ಟಾಗಲೇ, ಪೂಜ್ಯವೆಂಬ ಮಾತನ್ನೂ ನೀಚವೆಂಬ ಮಾತನ್ನೂ ಒಂದೇ ಸಮಾಸದಲ್ಲಿ ಬೆಸೆದು, ಈ ಭೇದವನ್ನು ಮಾಡಿದವರಾರೆಂದು ಅವರು ಓದುಗನನ್ನು ಕೇಳುತ್ತಾರೆ. ಕುಂ. ವೀರಭದ್ರಪ್ಪನವರಲ್ಲಿ ಬೈಗುಳು ಹೇರಳ. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಅರಮನೆ' ಕಾದಂಬರಿಯಲ್ಲಿ ಅವರು ಮನ್ರೋವನ್ನು ಪಾತ್ರವಾಗಿ ತಂದು, ಪಾಳೆಯಗಾರಿಕೆ ಅಳಿಯುತ್ತಿದ್ದ ಕಾಲದ ಈ ಸೀಮೆಯ ಬದುಕನ್ನು ಚಿತ್ರಿಸಿದ್ದಾರೆ. ಅಲ್ಲಿಯ ಮಾತಿನ ಒರಟುತನವನ್ನು ಕೆಲವರು ಅತಿಯೆಂದು ಎಣಿಸಬಹುದು. ಆದರೆ ವಾರಸುದಾರಿಕೆಯ ಮೇಲೆ ನಿಂತ ಅರಮನೆಗಳೇ ಕುಸಿಯುತ್ತಿರುವಾಗ, ಹಕ್ಕಿಲ್ಲದ ಜನರಿಗೆ ಉಳಿದಿರುವ ಸ್ವಂತ ಸೊತ್ತು ಅವರ ನಾಲಗೆಯೊಂದೇ. ಆ ನಾಲಗೆಯನ್ನು ಶಿಷ್ಟಗೊಳಿಸಿದರೆ ಅವರ ಕೈಯಿಂದ ಅದನ್ನೂ ಕಸಿದುಕೊಂಡಂತಾಗುತ್ತದೆ. ಆದುದರಿಂದ ಇಲ್ಲಿ ಕೇಳಬೇಕಾದುದು ಬೈಗುಳು ಇರಬೇಕೇ ಬೇಡವೇ ಎಂದಲ್ಲ; ಯಾರು ಯಾರಿಗೆ, ಯಾವ ಎತ್ತರದಿಂದ ಬೈಯುತ್ತಾರೆ ಎಂದು.

'ಬೇವರ್ಸಿ'ಯ ವಿಷಯದಲ್ಲಿ ಈ ಪ್ರಶ್ನೆ ವಿಶೇಷವಾಗಿ ಅವಶ್ಯ. ಗೌಡನು ಆಳನ್ನು ಹಾಗೆ ಕರೆದರೆ ಅದು ಒಡೆತನದ ಮಾತು. ತಂದೆಯು ಮಗನನ್ನು ಹಾಗೆ ಕರೆದರೆ ಅದು ಬೇಸರದ ಎಚ್ಚರಿಕೆ: ನಾನು ಕೈಬಿಟ್ಟರೆ ನಿನ್ನ ಗತಿ ಇದು ಎಂದು ಅದರ ಭಾವ. ಗೆಳೆಯರು ಪರಸ್ಪರ ಹಾಗೆ ಕರೆದುಕೊಳ್ಳುವಲ್ಲಿ ಅರ್ಥವು ತಿರುಗುಮುರುಗಾಗುತ್ತದೆ. ಬಹುಕಾಲಕ್ಕೆ ಸಂತೆಯಲ್ಲಿ ಕಂಡ ಗೆಳೆಯನನ್ನು 'ಎಲ್ಲಿ ಹಾಳಾಗಿ ಹೋಗಿದ್ದೆಲೇ ಬೇವರ್ಸಿ' ಎಂದು ಕೂಗಿ ಕರೆಯುವವನು, ನಿನ್ನನ್ನು ಕೇಳುವವನು ನಾನಿದ್ದೇನೆ ಎಂದೇ ಹೇಳುತ್ತಿರುತ್ತಾನೆ. 'ಬೇವರ್ಸಿ ನನ್ಮಗನೇ' ಎಂಬ ಪ್ರಸಿದ್ಧವಾದ ಜೋಡಿಮಾತನ್ನು ಬಿಡಿಸಿದರೆ ಇದು ಮತ್ತಷ್ಟು ಸ್ಪಷ್ಟವಾಗುತ್ತದೆ. ಅದರ ಮೊದಲ ಪದವು ಎದುರಿನವನಿಗೆ ಹಕ್ಕುದಾರರಿಲ್ಲವೆನ್ನುತ್ತದೆ. ಎರಡನೆಯ ಪದವು 'ನನ್ನ ಮಗ' ಎನ್ನುತ್ತದೆ. ಜಗಳದಲ್ಲಿ ಆ ಎರಡನೆಯ ಪದವು ಎದುರಿನವನ ತಾಯಿಯನ್ನು ಹಳಿಯುವ ಮಾತು. ಸಲುಗೆಯಲ್ಲಿ ಅದೇ ಪದವು ಒಡನಾಡಿಯನ್ನು ತನ್ನವನೆಂದು ಹೇಳಿಕೊಳ್ಳುವ ಮಾತು. ತರ್ಕಕ್ಕೆ ವಿರುದ್ಧವಾದ ಈ ಕೂಡಿಕೆಯಿಂದಲೇ ಮಾತು ಎರಡೂ ಕಡೆಗೆ ಸಲ್ಲುತ್ತದೆ.

8

ಮೇಲಿನ ವಿವೇಚನೆಯನ್ನು ಹೀಗೆ ಸಂಗ್ರಹಿಸಬಹುದು. 'ಬೇವರ್ಸಿ' ಎಂಬುದು ಅರಬ್ಬೀಪಾರಸಿ ಮೂಲದ, ಮರಾಠಿಯ ಮೂಲಕ ಬಂದಿರಬಹುದಾದ, ಆಡಳಿತದ ಪರಿಭಾಷೆಯ ಶಬ್ದ. ನಿಘಂಟಿನಲ್ಲಿ ಅದರ ಅರ್ಥಗಳನ್ನು ಕ್ರಮವಾಗಿ ಕೊಡಬೇಕಾದರೆ: ಮೊದಲು, ಹಕ್ಕುದಾರರಿಲ್ಲದ ಸೊತ್ತು, ಎರಡನೆಯದಾಗಿ, ಹೇಳುವವರು ಕೇಳುವವರಿಲ್ಲದ ಮನುಷ್ಯ, ಮೂರನೆಯದಾಗಿ, ಅದರಿಂದ ಬಂದ ಅಲೆಮಾರಿ, ಅಯೋಗ್ಯ ಎಂಬ ಅರ್ಥ, ನಾಲ್ಕನೆಯದಾಗಿ, ಸಮವಯಸ್ಕರಲ್ಲಿ ಸಲುಗೆಯ ಸಂಬೋಧನೆ. ಹುಟ್ಟಿನ ಕಳಂಕವು ಇದರ ಮೂಲಾರ್ಥವಲ್ಲ. ಬೇರೆ ಬೈಗುಳುಗಳ ಸಹವಾಸದಿಂದ ಹತ್ತಿದ ಅರ್ಥ ಅದು. ಬೈಗುಳಿನ ಸೋಂಕು ತಗಲಿದುದರಿಂದಲೇ ಇರಬೇಕು, ಇಂದಿನ ಪತ್ರಿಕೆಗಳೂ ಪೊಲೀಸ್ ಪ್ರಕಟಣೆಗಳೂ ಹೆಚ್ಚಾಗಿ 'ವಾರಸುದಾರರಿಲ್ಲದ' ಎಂಬ ಉದ್ದನೆಯ ಮಾತನ್ನೇ ಬಳಸುತ್ತವೆ. 'ವಾರಸುದಾರ' ಎಂಬುದಾದರೋ ತನ್ನ ಮರ್ಯಾದೆಯನ್ನು ಕಳೆದುಕೊಳ್ಳಲಿಲ್ಲ. ಪರಂಪರೆಯ ವಾರಸುದಾರರು, ಸಂಸ್ಕೃತಿಯ ವಾರಸುದಾರರು ಎಂದು ನಾವು ಕಾಲೇಜಿನ ವೇದಿಕೆಗಳಲ್ಲಿ ಹೊಗಳುವಾಗ ಆಡುವ ಮಾತಿನ ಅಭಾವರೂಪವೇ ಹೊರಗಿನ ಅಂಗಳದಲ್ಲಿ ಕೇಳುವ 'ಬೇವರ್ಸಿ'.

ಇದು ಅಧ್ಯಾಪಕರಿಗೆ ಕೇವಲ ಶಬ್ದಕುತೂಹಲದ ವಿಷಯವಲ್ಲ. ಕರ್ನಾಟಕ ಸರಕಾರ 1993-94ರಲ್ಲಿಯೂ 2007-08ರಲ್ಲಿಯೂ ನಡೆಸಿದ ಮಾಜಿ ದೇವದಾಸಿಯರ ಸಮೀಕ್ಷೆಗಳಲ್ಲಿ ಬಳ್ಳಾರಿ ಜಿಲ್ಲೆಯೂ ಸೇರಿದ್ದಿತು. ಆ ತಾಯಂದಿರ ಮಕ್ಕಳು ಈ ತಾಲ್ಲೂಕುಗಳ ಶಾಲೆಕಾಲೇಜುಗಳಲ್ಲಿ ಓದಿದ್ದಾರೆ, ಓದುತ್ತಿದ್ದಾರೆ. ಅರ್ಜಿಯ 'ತಂದೆಯ ಹೆಸರು' ಎಂಬ ಜಾಗದ ಮುಂದೆ ಲೇಖನಿ ತಡೆಯುವ ವಿದ್ಯಾರ್ಥಿಗೆ 'ಬೇವರ್ಸಿ' ಎಂಬ ಮಾತು ಸಲುಗೆಯದಾಗಿ ಕೇಳಿಸದು. ಪಕ್ಕದ ಹುಡುಗನಿಗೆ ನಗೆ ತರುವ ಮಾತು ಅವನಿಗೆ ದಫ್ತರದ ಹಳೆಯ ಅರ್ಥದಲ್ಲಿಯೇ ಮುಟ್ಟುತ್ತದೆ. ಶಬ್ದದ ಚರಿತ್ರೆಯನ್ನು ತಿಳಿದ ಅಧ್ಯಾಪಕನು ತರಗತಿಯಲ್ಲಿ ಆ ಮಾತು ಬಿದ್ದಾಗ ಅದು ಯಾರಿಗೆ ತಾಗಿತೆಂದು ನೋಡುವುದನ್ನು ಕಲಿಯಬೇಕು.

ಈ ಐದು ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಬಳಕೆಯಲ್ಲಿರುವ ಬೈಗುಳುಗಳನ್ನು, ಆಡುವವರು ಯಾರು, ಕೇಳುವವರು ಯಾರು, ಸಂದರ್ಭ ಯಾವುದು ಎಂಬ ವಿವರಗಳೊಡನೆ ಸಂಗ್ರಹಿಸುವುದು ಅವಶ್ಯ. ಈ ವಿವರಗಳಿಲ್ಲದ ಪಟ್ಟಿ ಬೈಗುಳಿನ ಕಾಗುಣಿತವನ್ನು ಉಳಿಸಬಹುದೇ ಹೊರತು ಅದರ ಅರ್ಥವನ್ನು ಉಳಿಸಲಾರದು. ಅಂಥ ಸಂಗ್ರಹವು ಸಿದ್ಧವಾದಾಗ, 'ಬಸವಿ' ಮತ್ತು 'ಬೇವರ್ಸಿ' ಎಂಬೆರಡು ಮಾತುಗಳ ಸಂಬಂಧವನ್ನು ಇಲ್ಲಿ ಹೇಳಿದುದಕ್ಕಿಂತ ಹೆಚ್ಚು ನಿಖರವಾಗಿ ನಿರ್ಣಯಿಸಲು ಸಾಧ್ಯವಾದೀತು.